ನಾರ್ನಿಯಾ ಕಥೆಗಳನ್ನು ಯಾವ ಕ್ರಮದಲ್ಲಿ ಓದತಕ್ಕದ್ದು?

ಏಳು ಪುಸ್ತಕಗಳ ಕಟ್ಟೊಂದನ್ನು ಕೊಂಡು ತಂದು, ಬೆನ್ನಿನ ಮೇಲೆ ೧ ಎಂಬ ಅಂಕಿಯುಳ್ಳ ಪುಸ್ತಕವನ್ನು ಮಗುವಿನ ಕೈಗೆ ಕೊಡುವ ತಂದೆತಾಯಿಗಳು ಕಥೆಯ ಆರಂಭವನ್ನೇ ಕೊಟ್ಟೆವೆಂದು ತಿಳಿಯುವುದು ಸಹಜವಾಗಿದೆ. ಆಂಗ್ಲಭಾಷೆಯ ಅದ್ಭುತಕಥಾಕಾರರಲ್ಲಿ ಅಗ್ರಗಣ್ಯರಾದ ಸಿ. ಎಸ್. ಲೂಯಿಸ್ ಮಹಾಶಯರ ನಾರ್ನಿಯಾ ಕಥಾಮಾಲೆಯ ವಿಷಯದಲ್ಲಿ ಮಾತ್ರ ಆ ಅಂಕಿಯನ್ನು ನಂಬುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಇಂದು ಅಂಗಡಿಗಳಲ್ಲಿ ದೊರೆಯುವ ಪ್ರತಿಗಳಲ್ಲಿ ಮೊದಲನೆಯದೆಂದು ಎಣಿಸಲ್ಪಟ್ಟಿರುವ ‘ದಿ ಮೆಜೀಷಿಯನ್ಸ್ ನೆಫ್ಯೂ’ ಎಂಬುದು, ಗ್ರಂಥಕರ್ತರು ಲೋಕಕ್ಕೆ ಕೊಟ್ಟ ಆರನೆಯ ಪುಸ್ತಕ.

ಲೂಯಿಸರು ೧೮೯೮ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿಯೂ ಅನಂತರ ಕೇಂಬ್ರಿಜ್ಜಿನಲ್ಲಿಯೂ ಸಾಹಿತ್ಯವನ್ನು ಬೋಧಿಸಿದ ಪಂಡಿತರು. ೧೯೫೦ರಲ್ಲಿ ಅವರ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ ಹೊರಬಂದಿತು. ತರುವಾಯ ವರ್ಷಕ್ಕೊಂದರಂತೆ ‘ಪ್ರಿನ್ಸ್ ಕ್ಯಾಸ್ಪಿಯನ್’, ‘ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್’, ‘ದಿ ಸಿಲ್ವರ್ ಚೇರ್’, ‘ದಿ ಹಾರ್ಸ್ ಅಂಡ್ ಹಿಸ್ ಬಾಯ್’, ‘ದಿ ಮೆಜೀಷಿಯನ್ಸ್ ನೆಫ್ಯೂ’ ಎಂಬಿವು ಪ್ರಕಟವಾಗಿ, ೧೯೫೬ರಲ್ಲಿ ‘ದಿ ಲಾಸ್ಟ್ ಬ್ಯಾಟಲ್’ ಎಂಬುದರಿಂದ ಮಾಲೆ ಮುಗಿಯಿತು. ಬಹುಕಾಲ ಓದುಗರು ಈ ಕ್ರಮವನ್ನೇ ಹಿಡಿದು ಓದಿದರು. ೧೯೯೪ರಲ್ಲಿ ಹಾರ್ಪರ್‌ಕಾಲಿನ್ಸ್ ಸಂಸ್ಥೆಯವರು ತಮ್ಮ ಪ್ರತಿಗಳಲ್ಲಿ ಕಥೆ ನಡೆದ ಕಾಲವನ್ನನುಸರಿಸಿ ಹೊಸ ಅಂಕಿಗಳನ್ನು ಹಾಕಿ, ಇದು ಗ್ರಂಥಕರ್ತರ ಮೂಲ ಇಚ್ಛೆಯೆಂದು ಪುಸ್ತಕದಲ್ಲಿಯೇ ಅಚ್ಚುಹಾಕಿಸಿದರು. ಅದರಂತೆ ಆರನೆಯದು ಮೊದಲಿಗೆ ಬಂದಿತು, ಮೊದಲನೆಯದು ಎರಡನೆಯದಾಯಿತು, ಐದನೆಯದು ಮೂರನೆಯ ಸ್ಥಾನಕ್ಕೆ ಏರಿತು.

ಆ ಇಚ್ಛೆಗೆ ಮುಖ್ಯ ಆಧಾರವೆಂದು ಹೇಳಲ್ಪಡುವುದು ೧೯೫೭ರ ಒಂದು ಕಾಗದ. ಅಮೆರಿಕದ ಬಾಲಕನೊಬ್ಬನು ಕಾಲಾನುಕ್ರಮವೇ ಸರಿಯೆಂದೂ, ಅವನ ತಾಯಿ ಪ್ರಕಟನೆಯ ಕ್ರಮವೇ ಸರಿಯೆಂದೂ ವಾದಿಸಿದಾಗ, ಲೂಯಿಸರು ಬಾಲಕನ ಪಕ್ಷಕ್ಕೇ ತಾವು ಹೆಚ್ಚಾಗಿ ಒಲಿದಿರುವುದಾಗಿ ಬರೆದರು. ಆದರೆ ಅದೇ ಕಾಗದದಲ್ಲಿ, ಮಾಲೆಯನ್ನು ತಾವು ಮೊದಲೇ ಯೋಚಿಸಿದ್ದಿಲ್ಲವೆಂದೂ, ಯಾವ ಕ್ರಮದಲ್ಲಿ ಓದಿದರೂ ಬಹುಶಃ ಹೆಚ್ಚಿನ ಬಾಧಕವಿಲ್ಲವೆಂದೂ ಹೇಳಿದ್ದಾರೆ. ಮಗುವಿನ ಮನಸ್ಸನ್ನು ನೋಯಿಸಲೊಲ್ಲದ ಹಿರಿಯರ ವಿನಯದ ಮಾತಿದು. ಇದನ್ನು ಉಯಿಲಿನಂತೆ ಎತ್ತಿ ಹಿಡಿದು ಏಳು ಪುಸ್ತಕಗಳ ಬೆನ್ನಿಗೂ ಹೊಸ ಅಂಕಿ ಕೆತ್ತುವುದು ನಮಗೆ ಅತಿಯೆಂದು ತೋರುತ್ತದೆ.

ಪುಸ್ತಕಗಳೇ ಏನು ಹೇಳುತ್ತವೆಂಬುದನ್ನು ನೋಡೋಣ. ‘ಲಯನ್’ ಕಥೆಯಲ್ಲಿ ಅಸ್ಲಾನ್ ಎಂಬ ಹೆಸರು ಮೊದಲ ಬಾರಿಗೆ ಕೇಳಿಬಂದಾಗ, ನಿಮಗೆ ಹೇಗೆ ಅವನಾರೆಂದು ತಿಳಿಯದೋ ಹಾಗೆಯೇ ಆ ಮಕ್ಕಳಿಗೂ ತಿಳಿಯದೆಂಬ ಅರ್ಥದ ಮಾತನ್ನು ಕಥೆಗಾರರು ವಾಚಕರಿಗೆ ನೇರವಾಗಿ ಹೇಳುತ್ತಾರೆ. ‘ನೆಫ್ಯೂ’ವನ್ನು ಮೊದಲು ಓದಿ ಬಂದ ಬಾಲಕನಿಗೆ ಅದು ಸುಳ್ಳು. ಅಸ್ಲಾನನು ಹಾಡಿ ಒಂದು ಲೋಕವನ್ನೇ ಸೃಷ್ಟಿಸಿದ್ದನ್ನು ಅವನು ಆಗಲೇ ಕಂಡಿದ್ದಾನೆ. ಬೀರುವಿನ ತುಪ್ಪಳದ ಅಂಗಿಗಳನ್ನು ಸರಿಸಿಕೊಂಡು ಲೂಸಿ ಹಿಮದೊಳಗೆ ಕಾಲಿಟ್ಟಾಗ, ಕಾಡಿನ ನಡುವೆ ಒಂಟಿಯಾಗಿ ಉರಿಯುತ್ತಿರುವ ಬೀದಿದೀಪದ ಕಂಬವನ್ನು ಕಂಡು ಅವಳಿಗುಂಟಾದ ವಿಸ್ಮಯವೂ ಅವನಿಗಿಲ್ಲ. ಲಂಡನ್ನಿನ ದೀಪಸ್ತಂಭದಿಂದ ಕಿತ್ತ ಕಬ್ಬಿಣದ ತುಂಡು ಹೊಸ ಮಣ್ಣಿನಲ್ಲಿ ಬಿದ್ದು ಗಿಡದಂತೆ ಬೆಳೆದ ಸಂಗತಿಯನ್ನು ಅವನು ಬಲ್ಲನು. ಲೂಸಿಯ ಮಾತನ್ನು ಅಣ್ಣಅಕ್ಕಂದಿರು ನಂಬದಿದ್ದಾಗ ಮುದುಕ ಪ್ರೊಫೆಸರರು ಮಾತ್ರ ಅದನ್ನು ತಳ್ಳಿಹಾಕದಿರುವುದು ಏಕೆಂಬ ಸೋಜಿಗವನ್ನೂ ಅವನು ಕಳೆದುಕೊಂಡಿದ್ದಾನೆ. ಉತ್ತರಗಳೆಲ್ಲ ಮೊದಲೇ ಕೈಗೆ ಬಂದಮೇಲೆ ಪ್ರಶ್ನೆಗಳು ಹುಟ್ಟುವುದೆಂತು?

ಕನ್ನಡಿಗರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಬಾಣನ ಕಾದಂಬರಿಯನ್ನು ನಾಗವರ್ಮನು ಕನ್ನಡಿಸಿದ್ದಾನೆ. ಅಲ್ಲಿ ಕಥೆ ಶೂದ್ರಕನ ಸಭೆಗೆ ಗಿಣಿಯೊಂದು ಬರುವುದರಿಂದ ಮೊದಲಾಗುತ್ತದೆ. ರಾಜನಾರು, ಗಿಣಿ ಯಾರು ಎಂಬ ಪೂರ್ವಜನ್ಮದ ಗುಟ್ಟು ಕೊನೆಯಲ್ಲಿ ಬಿಚ್ಚುತ್ತದೆ. ಕಾಲಾನುಕ್ರಮವೇ ಶ್ರೇಷ್ಠವೆಂದು ಯಾರಾದರೂ ಪುಂಡರೀಕನ ಮರಣವನ್ನು ಮುಂದಕ್ಕೆ ತಂದು, ಗಿಣಿಯನ್ನು ಹಿಂದಕ್ಕೆ ತಳ್ಳಿ ಅಚ್ಚುಹಾಕಿಸಿದರೆ ರಸಿಕರು ಸಹಿಸುವರೆ?

‘ಹಾರ್ಸ್’ ಕಥೆಯ ವಿಷಯವೂ ಹೀಗೆಯೇ. ಅದು ‘ಲಯನ್’ನ ಮಕ್ಕಳು ನಾರ್ನಿಯಾದಲ್ಲಿ ರಾಜ್ಯವಾಳುತ್ತಿದ್ದ ಕಾಲದ್ದು ನಿಜ. ಆದರೆ ‘ಸಿಲ್ವರ್ ಚೇರ್’ನ ಆರಂಭದಲ್ಲಿ ಊಟವಾದಮೇಲೆ ಕುರುಡ ಕವಿಯೊಬ್ಬನು ಈ ಕಥೆಯನ್ನೇ ಹಾಡುತ್ತಾನೆ, ಅದನ್ನು ಹೇಳಲು ಈಗ ಅವಕಾಶವಿಲ್ಲವೆಂದು ಲೂಯಿಸರು ಆಸೆ ಹುಟ್ಟಿಸಿ ಮುಂದೆ ಸಾಗುತ್ತಾರೆ. ಮುಂದಿನ ವರ್ಷವೇ ಆ ಕಥೆ ಪ್ರತ್ಯೇಕ ಪುಸ್ತಕವಾಗಿ ಬಂದಿತು.

ಇನ್ನು ಪಾಠಶುದ್ಧಿಯ ಮಾತು. ಕ್ರಮದಷ್ಟು ಇದರ ಚರ್ಚೆ ನಡೆಯದಿದ್ದರೂ, ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚು ಗುರುತರವಾದುದು. ಅಮೆರಿಕದ ಮ್ಯಾಕ್‌ಮಿಲನ್ ಸಂಸ್ಥೆಯವರ ಪ್ರತಿಗಳಿಗಾಗಿ ಕರಡಚ್ಚುಗಳನ್ನು ತಿದ್ದುವಾಗ ಲೂಯಿಸರು ಕೆಲವೆಡೆ ಮೂಲವನ್ನು ಬದಲಾಯಿಸಿದರು. ಮಾಟಗಾತಿಯ ಸೇವಕನಾದ ತೋಳಕ್ಕೆ ಬ್ರಿಟಿಷ್ ಪ್ರತಿಯಲ್ಲಿ ಮೌಗ್ರಿಮ್ ಎಂದಿದ್ದ ಹೆಸರು ಅಲ್ಲಿ ಫೆನ್ರಿಸ್ ಉಲ್ಫ್ ಎಂದಾಯಿತು. ಇದು ಅಲ್ಪ ವಿಷಯ. ಆದರೆ ‘ಡಾನ್ ಟ್ರೆಡರ್’ನಲ್ಲಿ, ದುಃಸ್ವಪ್ನಗಳೆಲ್ಲ ನಿಜವಾಗುವ ಕತ್ತಲೆಯ ದ್ವೀಪದಿಂದ ಹಡಗು ಪಾರಾಗುವ ಪ್ರಸಂಗವನ್ನು ನೋಡಿರಿ. ಬ್ರಿಟಿಷ್ ಪಾಠದಲ್ಲಿ, ಹೆದರಬೇಕಾದುದು ಏನೂ ಇರಲಿಲ್ಲ, ಎಂದೂ ಇದ್ದಿಲ್ಲ ಎಂದು ಎಲ್ಲರಿಗೂ ಥಟ್ಟನೆ ಹೊಳೆಯುತ್ತದೆ. ಅಮೆರಿಕದ ಪಾಠದಲ್ಲಿ ಈ ಸಮಾಧಾನವನ್ನು ಲೂಯಿಸರು ತೆಗೆದುಹಾಕಿದ್ದಾರೆ. ಅದಕ್ಕೆ ಬದಲಾಗಿ, ಕೆಟ್ಟ ಕನಸಿನಿಂದ ಎಚ್ಚತ್ತು ಬೆಳಗಿನ ಬೆಳಕನ್ನು ಕಂಡವನ ಹರ್ಷವನ್ನು ವರ್ಣಿಸಿದ್ದಾರೆ. ರಾತ್ರಿ ಬೆಚ್ಚಿಬಿದ್ದ ಮಗುವಿಗೆ, ಅಲ್ಲಿ ಏನೂ ಇರಲಿಲ್ಲ ಮಲಗು ಎನ್ನುವುದಕ್ಕೂ, ಅದರ ಭಯವನ್ನು ಭಯವೆಂದೇ ಒಪ್ಪಿ ಬೆಳಕನ್ನು ತೋರಿಸುವುದಕ್ಕೂ ಎಷ್ಟು ಅಂತರವೆಂಬುದನ್ನು ಹೆತ್ತವರೆಲ್ಲರೂ ಬಲ್ಲರು.

೧೯೯೪ರ ಪರಿಷ್ಕರಣದಲ್ಲಿ ಎಲ್ಲ ದೇಶಗಳಿಗೂ ಬ್ರಿಟಿಷ್ ಪಾಠವನ್ನೇ ಇಟ್ಟು, ಅಮೆರಿಕದ ಪಾಠವನ್ನು ಕೈಬಿಡಲಾಯಿತು. ಇದೇ ನಮಗೆ ವಿಚಿತ್ರವಾಗಿ ತೋರುವುದು. ಬಾಲಕನಿಗೆ ವಾತ್ಸಲ್ಯದಿಂದ ಬರೆದ ಒಂದು ಕಾಗದದ ಮಾತು ಗ್ರಂಥಕರ್ತರ ಇಚ್ಛೆಯೆಂದು ಮನ್ನಣೆ ಪಡೆಯಿತು. ಕರಡಚ್ಚಿನ ಮುಂದೆ ಕುಳಿತು, ಲೇಖನಿ ಹಿಡಿದು, ವಿಚಾರಿಸಿ ಮಾಡಿದ ತಿದ್ದುಪಡಿಗೆ ಆ ಮನ್ನಣೆ ದೊರೆಯಲಿಲ್ಲ. ಪುಸ್ತಕಗಳ ನಡುವೆ ಹೊಂದದಿರುವ ವಿಷಯಗಳನ್ನೆಲ್ಲ ಸರಿಪಡಿಸಿಕೊಡಲು ಲೂಯಿಸರು ಕೊನೆಯ ದಿನಗಳಲ್ಲಿ ಪಫಿನ್ ಪ್ರಕಾಶನದ ಸಂಪಾದಕಿ ಕೇ ವೆಬ್ ಅವರಿಗೆ ಒಪ್ಪಿಗೆಯಿತ್ತಿದ್ದರು. ಆದರೆ ೧೯೬೩ರ ನವೆಂಬರ್ ೨೨ರಂದು ಅವರು ಕಾಲವಾದುದರಿಂದ ಆ ಕೆಲಸ ನಡೆಯಲಿಲ್ಲ.

ಕೊಳ್ಳುವವರಿಗೆ ನಮ್ಮ ಸಲಹೆಯಿಷ್ಟು. ಹೊಸ ಪ್ರತಿಗಳನ್ನು ಕೊಂಡರೆ ದೋಷವಿಲ್ಲ. ಬೆನ್ನಿನ ಅಂಕಿಯನ್ನು ಮಾತ್ರ ಅಲಕ್ಷಿಸಿ, ೨, ೪, ೫, ೬, ೩, ೧, ೭ ಎಂಬ ಕ್ರಮದಲ್ಲಿ ಮಕ್ಕಳ ಕೈಗೆ ಕೊಡತಕ್ಕದ್ದು. ಏಳನ್ನೂ ಒಂದೇ ಸಂಪುಟವಾಗಿ ಕಟ್ಟಿದ ಪ್ರತಿ ಕಪಾಟಿಗೆ ಭೂಷಣವಾದರೂ ಎಂಟು ವರ್ಷದ ಮಗುವಿನ ಕೈಗೆ ಭಾರ. ಬಿಡಿ ಪುಸ್ತಕಗಳೇ ಮೇಲು. ಪಾಲಿನ್ ಬೇಯ್ನ್ಸ್ ಅವರ ರೇಖಾಚಿತ್ರಗಳಿರುವ ಪ್ರತಿಯನ್ನೇ ಆರಿಸಬೇಕು. ಏಳು ಪುಸ್ತಕಗಳಿಗೂ ಮೊದಲಿನಿಂದ ಚಿತ್ರ ಬರೆದವರು ಅವರೇ. ಚಿತ್ರಗಳಿಲ್ಲದೆ ಅಗ್ಗವಾಗಿ ಸಿಕ್ಕುವುದನ್ನು ಕೊಳ್ಳದಿರುವುದೇ ಲೇಸು. ಹಳೆಯ ಪುಸ್ತಕದಂಗಡಿಯಲ್ಲಿ ೧೯೯೪ಕ್ಕೆ ಹಿಂದಿನ ಮ್ಯಾಕ್‌ಮಿಲನ್ ಪ್ರತಿ ದೊರೆತರೆ, ಕಾಗದ ಹಳದಿಯಾಗಿದ್ದರೂ ಬಿಡಬಾರದು. ‘ಲಯನ್’ ಪುಸ್ತಕವನ್ನು ತೆರೆದು ತೋಳದ ಹೆಸರು ಫೆನ್ರಿಸ್ ಉಲ್ಫ್ ಎಂದಿದೆಯೋ ಎಂದು ನೋಡಿದರೆ ಗುರುತು ತಿಳಿಯುತ್ತದೆ.