ಗಾಳಿಯಿಂದ ಇಂಗಾಲ ಹಿಡಿಯುವ ಪುಡಿ

2025ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಉಮರ್ ಯಾಘಿ ಒಬ್ಬರು ಎಂದಾಗ ನಮಗೆಲ್ಲ ಖುಷಿಯಾಯಿತು. ಅವರ ಹೆಸರಿನ ಜೊತೆ ಅವರ ಕೆಲಸವೂ ನಮ್ಮ ಮಕ್ಕಳಿಗೆ ಗೊತ್ತಾಗಬೇಕು.

ಯಾಘಿ ಹುಟ್ಟಿದ್ದು 1965ರಲ್ಲಿ, ಜೋರ್ಡಾನಿನ ಅಮ್ಮಾನ್‌ನಲ್ಲಿ, ಫೆಲೆಸ್ತೀನ್ ನಿರಾಶ್ರಿತ ಕುಟುಂಬದಲ್ಲಿ. ಮನೆಮಂದಿಗೆಲ್ಲ ಒಂದೇ ಕೋಣೆ, ಅದರಲ್ಲೇ ಜಾನುವಾರು. ಕರೆಂಟ್ ಇರಲಿಲ್ಲ. ತಂದೆ ತಾಯಿಗೆ ಓದು ಬರಹ ಅಷ್ಟಕ್ಕಷ್ಟೆ. ಹತ್ತನೇ ವಯಸ್ಸಿನಲ್ಲಿ ಶಾಲೆಯ ಲೈಬ್ರರಿಯಲ್ಲಿ ಕಂಡ ಅಣುಗಳ ಚಿತ್ರ ಅವರ ಮನಸ್ಸು ಸೆಳೆಯಿತು. 15ಕ್ಕೆ ಓದಲು ಅಮೆರಿಕ ಸೇರಿದರು.

ನೊಬೆಲ್ ಬಂದದ್ದು ಲೋಹ ಮತ್ತು ಸಾವಯವ ಅಣುಗಳನ್ನು ಜೋಡಿಸಿ ಕಟ್ಟಿದ, ಒಳಗೆಲ್ಲ ತೂತುಗಳಿರುವ ವಸ್ತುಗಳಿಗೆ. ಲೋಹವೇ ಇಲ್ಲದ ಇಂಥ ವಸ್ತುವನ್ನೂ ಅವರ ತಂಡ 2005ರಲ್ಲಿ ಮಾಡಿ ತೋರಿಸಿತ್ತು. ಇಲ್ಲಿ ಸಾವಯವ ಎಂದರೆ ಗೊಬ್ಬರವಲ್ಲ, ಇಂಗಾಲದ ಸಂಯುಕ್ತ. ಆ ಸಾಲಿನದೇ 2024ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದಿಂದ ಬಂದ ಸಿಒಎಫ್-999.

ನೋಡಲು ಹಳದಿ ಪುಡಿ. ಒಳಗೆ ಜೇನುಗೂಡಿನ ಹಾಗೆ, ಕಣ್ಣಿಗೆ ಕಾಣದ ತೂತುಗಳು. ಅವುಗಳಲ್ಲಿ ಅಮೀನ್ ಎಂಬ ರಾಸಾಯನಿಕವಿದೆ. ಗಾಳಿ ಹಾಯುವಾಗ ಕಾರ್ಬನ್ ಡೈಆಕ್ಸೈಡ್ ಅದಕ್ಕೆ ಅಂಟಿಕೊಳ್ಳುತ್ತದೆ. 60 ಡಿಗ್ರಿಗೆ ಬಿಸಿ ಮಾಡಿದರೆ ಬಿಟ್ಟುಕೊಡುತ್ತದೆ. ಹಾಗೆ ಸಿಕ್ಕಿದ್ದನ್ನು ನೆಲದಾಳಕ್ಕೆ ಇಳಿಸಿ ಇಡಬಹುದು. ಪುಡಿ ಮತ್ತೆ ಕೆಲಸಕ್ಕೆ ತಯಾರು. ಹೊರಗಿನ ಗಾಳಿಯಲ್ಲಿ 100 ಸಲ ಹೀಗೆ ಮಾಡಿದರೂ ಅದರ ಶಕ್ತಿ ಕುಂದಲಿಲ್ಲ.

ಇಂಥ 200 ಗ್ರಾಂ ಪುಡಿ ವರ್ಷಕ್ಕೆ 20 ಕಿಲೋ ಕಾರ್ಬನ್ ಡೈಆಕ್ಸೈಡ್ ಹಿಡಿಯಬಲ್ಲದು, ಒಂದು ದೊಡ್ಡ ಮರದಷ್ಟು ಎನ್ನುತ್ತಾರೆ ಸಂಶೋಧಕರು. ಆದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಹೊರಬರುತ್ತದೆ. ಅಂದರೆ ಪುಡಿಯ ಇಡೀ ವರ್ಷದ ದುಡಿಮೆ ಒಂಬತ್ತು ಲೀಟರ್ ಪೆಟ್ರೋಲಿಗೆ ಮುಗಿಯಿತು! ಬಿಟ್ಟು ಹಿಡಿಯುವುದಕ್ಕಿಂತ ಬಿಡದಿರುವುದೇ ಮೇಲು. ಇಸ್ರಾಫ್ ಬೇಡ ಎಂದು ದೀನ್ ಕಲಿಸಿದ್ದು ಅನ್ನ, ನೀರಿಗೆ ಮಾತ್ರವಲ್ಲ. ಭೂಮಿ ಬಿಸಿಯಾದಂತೆ ಸಮುದ್ರದ ಮಟ್ಟವೂ ಏರುತ್ತಿದೆ. ಉಳ್ಳಾಲ, ಸೋಮೇಶ್ವರದ ಕಡಲ್ಕೊರೆತ ಕಂಡ ನಮಗೆ ಇದು ದೂರದ ಮಾತಲ್ಲ.

ಇನ್ನೊಂದು ಮಾತು. ಎಸೆಸೆಲ್ಸಿ ಆದ ಕೂಡಲೇ ಹುಡುಗನಿಗೆ ಪಾಸ್‌ಪೋರ್ಟ್ ಮಾಡಿಸುವ ಮೊದಲು, ಅವನಿಗೆ ಏನು ಓದಲು ಇಷ್ಟ ಎಂದು ಕೇಳೋಣ. ಹುಡುಗಿಯನ್ನೂ ಕೇಳೋಣ. ಹತ್ತು ವರ್ಷದ ಮಗು ಪುಸ್ತಕದ ಚಿತ್ರ ತೋರಿಸಿ 'ಇದು ಎಂಥದು?' ಎಂದರೆ ಗದರಿಸದೆ ಹತ್ತಿರ ಕೂರಿಸಿಕೊಳ್ಳೋಣ.