ಮೂರನೆಯ ಕಾಲು, ಮೊದಲನೆಯ ತಿಂಗಳು

ಬೆನ್ನಿನ ಕೆಳಭಾಗದಿಂದ ಮೂರನೆಯ ಕಾಲೊಂದು ಹೊರಚಾಚಿರುವ ಶಿಶುವು ಜನಿಸಿತೆಂದರೆ, ನೋಡಿದವರೆಲ್ಲರ ದೃಷ್ಟಿಯೂ ಆ ಕಾಲಿನ ಮೇಲೆಯೇ ನೆಡುವುದು ಸಹಜ; ಆದರೆ ಶಿಶುವಿನ ಭವಿತವ್ಯವನ್ನು ನಿರ್ಣಯಿಸುವ ಸಂಗತಿಯಿರುವುದು ಆ ಅಂಗದಲ್ಲಲ್ಲ, ಅದರ ಬುಡದಲ್ಲಿ, ಚರ್ಮದ ಮರೆಯಲ್ಲಿ ಮುಚ್ಚದೆಯೇ ಉಳಿದ ಬೆನ್ನೆಲುಬಿನಲ್ಲಿ.

ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ ಭ್ರೂಣದ ಬೆನ್ನಿನ ಚಪ್ಪಟೆಯಾದ ಪದರವೊಂದು ಇಕ್ಕೆಲಗಳಿಂದ ಮಡಿಚಿಕೊಂಡು ನಾಳವಾಗಿ ಮುಚ್ಚಿಕೊಳ್ಳುತ್ತದೆ. ಮಿದುಳೂ ಬೆನ್ನುಹುರಿಯೂ ರೂಪುಗೊಳ್ಳುವುದು ಈ ನರನಾಳದಿಂದಲೇ. ಬೆನ್ನಿನ ಭಾಗದಲ್ಲಿ ಅದು ಮುಚ್ಚದೆ ಉಳಿದಾಗ ಉಂಟಾಗುವ ದೋಷಕ್ಕೆ ಸ್ಪೈನಾ ಬೈಫಿಡಾ ಎಂದು ಹೆಸರು. ಇದರೊಡನೆ ಅತಿ ವಿರಳವಾಗಿ ಹೆಚ್ಚುವರಿ ಅಂಗವೂ ಬೆಳೆಯುವುದುಂಟು. ಅವಳಿ ಭ್ರೂಣಗಳಲ್ಲೊಂದು ಪೂರ್ಣವಾಗದೆ ಮತ್ತೊಂದರ ದೇಹವನ್ನೇ ಆಶ್ರಯಿಸಿದ ಫಲವಿದೆಂದು ಕೆಲವು ವಿದ್ವಾಂಸರೂ, ನರನಾಳವು ಮುಚ್ಚುವ ಕಾಲದ ವ್ಯತ್ಯಯದಿಂದ ಸ್ಥಾನಭ್ರಷ್ಟವಾದ ಜೀವಕೋಶಗಳ ಪರಿಣಾಮವೆಂದು ಇನ್ನು ಕೆಲವರೂ ಹೇಳುತ್ತಾರೆ. ಕಾರಣವು ಯಾವುದೇ ಇರಲಿ, ಬೆನ್ನುಹುರಿಯು ಅಲ್ಲಿಯ ಕೊಬ್ಬಿನ ಗಂಟಿಗೆ ಅಂಟಿಕೊಂಡಿದ್ದರೆ, ಮಗುವು ಬೆಳೆದಂತೆಲ್ಲ ಅದು ಜಗ್ಗಲ್ಪಟ್ಟು, ಕಾಲುಗಳ ಬಲವೂ ಮಲಮೂತ್ರಗಳ ಹಿಡಿತವೂ ಕ್ರಮೇಣ ಕುಂದುತ್ತವೆ. ಆದುದರಿಂದಲೇ ಮೊದಲು ಎಂಆರ್‌ಐ ಪರೀಕ್ಷೆ. ಆ ಬಳಿಕ, ಅಂಗವನ್ನು ತೆಗೆಯುವುದಕ್ಕಿಂತಲೂ ಎಚ್ಚರದಿಂದ, ಹುರಿಯನ್ನು ಬಿಡಿಸುವ ಕಾರ್ಯ.

ಇದಕ್ಕೆ ಸಮೀಪದ ಪ್ರಕರಣವೊಂದನ್ನು ಕನ್ನಡನಾಡು ಪ್ರತ್ಯಕ್ಷವಾಗಿ ಕಂಡಿದೆ. ನಾಲ್ಕು ಕೈ, ನಾಲ್ಕು ಕಾಲುಗಳೊಡನೆ ಬಿಹಾರದ ಹಳ್ಳಿಯೊಂದರಲ್ಲಿ ಹುಟ್ಟಿ, ದೇವಿಯ ಅವತಾರವೆಂದು ಪೂಜೆಗೊಂಡಿದ್ದ ಎರಡು ವರ್ಷದ ಬಾಲೆಗೆ, 2007ರ ನವೆಂಬರಿನಲ್ಲಿ ಬೆಂಗಳೂರಿನ ಸ್ಪರ್ಶ್ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲರ ನೇತೃತ್ವದ ಮೂವತ್ತಕ್ಕೂ ಮಿಕ್ಕ ವೈದ್ಯರು ಸುಮಾರು 27 ಗಂಟೆಗಳ ಕಾಲ ಶಸ್ತ್ರಚಿಕಿತ್ಸೆ ನಡೆಸಿದರು. ಶಿರವಿಲ್ಲದ ಅವಳಿಯ ದೇಹವು ಆಕೆಯ ಕಟಿಭಾಗದಲ್ಲಿ ಕೂಡಿಕೊಂಡಿದ್ದು, ಬೆನ್ನೆಲುಬುಗಳೂ ಪರಸ್ಪರ ಬೆಸೆದಿದ್ದವು. ಪೂಜೆಯು ಆ ಮಗುವಿಗೆ ಮನ್ನಣೆಯನ್ನು ತಂದಿತ್ತು. ನಡೆಯುವ ಶಕ್ತಿಯನ್ನು ತಂದುಕೊಟ್ಟದ್ದು ಚಿಕಿತ್ಸೆ. ಇಂತಹ ಮಗುವನ್ನು ಶಾಪವೆಂದು ಬಚ್ಚಿಡುವುದೂ ದೈವವೆಂದು ಆರಾಧಿಸುವುದೂ ಒಂದೇ ಬಗೆಯ ಅನ್ಯಾಯ; ಎರಡರಿಂದಲೂ ಆಸ್ಪತ್ರೆಯ ದಾರಿ ದೂರವಾಗುತ್ತದೆ.

ಕಾರವಾರ, ಅಂಕೋಲೆಗಳ ಜನರಿಗೆ ಆ ದಾರಿಯು ಹೇಗೂ ದೂರವೇ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದ್ದರೂ, ಕಠಿಣ ಚಿಕಿತ್ಸೆಗೆ ಗೋವೆಗೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕಾದ ಸ್ಥಿತಿಯನ್ನು ಕಂಡೇ ಜಿಲ್ಲೆಯ ಜನರು ಸುಸಜ್ಜಿತ ಆಸ್ಪತ್ರೆಗಾಗಿ ವರ್ಷಗಳಿಂದ ಮೊರೆಯಿಡುತ್ತಿದ್ದಾರೆ. ಚರ್ಮವೂ ಮುಚ್ಚದೆ ಹುಟ್ಟಿದ ಮಗುವಿನ ತೆರೆದ ಬೆನ್ನಿಗೆ ಸೋಂಕು ತಗಲುವ ಮುನ್ನ ಮುಚ್ಚುವ ಶಸ್ತ್ರಚಿಕಿತ್ಸೆಗೆ ಒಂದೊಂದು ತಾಸೂ ಅಮೂಲ್ಯವಾದುದರಿಂದ, ಆ ಮೊರೆಯು ನ್ಯಾಯವಾದುದೆಂದೇ ನಾನು ನಂಬುತ್ತೇನೆ.

ಹೆಚ್ಚುವರಿ ಅಂಗವನ್ನು ತಡೆಯುವ ಔಷಧವಿಲ್ಲ. ನರನಾಳದ ದೋಷಗಳನ್ನು ಬಹುಮಟ್ಟಿಗೆ ತಡೆಯುವ ಔಷಧವುಂಟು. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ರಕ್ತಹೀನತೆಯನ್ನು ಕುರಿತು 1928ರಿಂದ ಸಂಶೋಧನೆ ನಡೆಸಿದ ಲೂಸಿ ವಿಲ್ಸ್ ಎಂಬ ವಿದುಷಿಯು ಗುರುತಿಸಿದ ಪೋಷಕಾಂಶವೇ ಮುಂದೆ ಫೋಲಿಕ್ ಆಮ್ಲವೆಂದು ತಿಳಿದುಬಂದಿತು. ಒಮ್ಮೆ ಇಂತಹ ದೋಷದ ಶಿಶುವನ್ನು ಹೆತ್ತ ತಾಯಂದಿರು ಇದನ್ನು ಗರ್ಭಧಾರಣೆಗೆ ಮೊದಲೇ ಸೇವಿಸಿದರೆ ದೋಷವು ಮರುಕಳಿಸುವ ಸಂಭವವು ಶೇಕಡಾ 72ರಷ್ಟು ತಗ್ಗುತ್ತದೆಂಬುದನ್ನು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವು ಸಾಬೀತುಪಡಿಸಿತು. ಕಾರವಾರದ ಭಾನುವಾರದ ಸಂತೆಯಲ್ಲಿ ದೊರೆಯುವ ಹರಿವೆ, ಬಸಳೆ, ಅಳಸಂದೆಗಳಲ್ಲಿಯೂ ಈ ಸತ್ವವಿದ್ದರೂ, ಬೇಯಿಸುವಾಗ ಸಾಕಷ್ಟು ಭಾಗ ನಷ್ಟವಾಗುವುದರಿಂದ, ಅಂತಹ ಪೂರ್ವಚರಿತ್ರೆಯಿಲ್ಲದ ಸ್ತ್ರೀಯರಿಗೂ ದಿನಕ್ಕೆ 400 ಮೈಕ್ರೋಗ್ರಾಮಿನ ಮಾತ್ರೆಯು ಅವಶ್ಯಕ.

ಆದರೆ ಮುಟ್ಟು ನಿಂತುದನ್ನು ಗಮನಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಪಡೆದು ಮಾತ್ರೆ ನುಂಗುವ ಹೊತ್ತಿಗೆ ನರನಾಳವು ಮುಚ್ಚಿಯೋ ಮುಚ್ಚದೆಯೋ ತನ್ನ ಕೆಲಸವನ್ನು ಮುಗಿಸಿರುತ್ತದೆ. ಆದಕಾರಣ ಈ ಮಾತ್ರೆಯು ಗರ್ಭಿಣಿಗಷ್ಟೇ ಅಲ್ಲ, ಮಗುವನ್ನು ಬಯಸುವ ದಂಪತಿಗಳ ಮನೆಗೆ, ಮದುವೆಯ ಮಾತುಕತೆಯ ಕಾಲದಲ್ಲಿಯೇ ತಲಪಬೇಕು.