ಎಸ್‌ಎಂಎಸ್ ಮತ: ತಡೆಯಾಗುವುದೆಲ್ಲಿ, ಸರಿಪಡಿಸುವುದು ಹೇಗೆ

ಟಿ.ವಿ. ಸ್ಪರ್ಧೆಗಳಲ್ಲಿ ವೀಕ್ಷಕರೇ ಮೊಬೈಲ್ ಸಂದೇಶ ಕಳುಹಿಸಿ ವಿಜೇತರನ್ನು ಆರಿಸುವ ಪದ್ಧತಿಯು ಭಾರತದಲ್ಲಿ ಮನೆಮಾತಾದದ್ದು 2004ರಲ್ಲಿ ‘ಇಂಡಿಯನ್ ಐಡಲ್’ ಆರಂಭವಾದ ನಂತರ. 2007ರಲ್ಲಿ ಅದರ ಮೂರನೆಯ ಆವೃತ್ತಿಯ ಅಂತಿಮ ಹಣಾಹಣಿಯಲ್ಲಿ ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್ ಮತ್ತು ಶಿಲ್ಲಾಂಗಿನ ಅಮಿತ್ ಪಾಲ್ ಎದುರಾದಾಗ ಎರಡೂ ಊರುಗಳ ಜನ ಸಂದೇಶ ಕಳುಹಿಸುವುದನ್ನು ಊರ ಮರ್ಯಾದೆಯ ಪ್ರಶ್ನೆಯಾಗಿ ಭಾವಿಸಿದ್ದರು. ಅದೇ ವರ್ಷ ಜುಲೈ 7ರಂದು ಲಿಸ್ಬನ್ನಿನಲ್ಲಿ ಪ್ರಕಟವಾದ ಹೊಸ ಏಳು ಅದ್ಭುತಗಳ ಪಟ್ಟಿಗೆ ತಾಜಮಹಲ್ ಸೇರಲೆಂದು ದೇಶದಾದ್ಯಂತ ಜನ ಸಂದೇಶಗಳ ಮೂಲಕವೂ ಮತ ಹಾಕಿದ್ದರು. ಇಂದು ಅನೇಕ ಕಾರ್ಯಕ್ರಮಗಳು ಆ್ಯಪ್‌ಗಳ ಕಡೆಗೆ ಹೊರಳಿದ್ದರೂ ಸಂದೇಶದ ಮತ ಪೂರ್ತಿ ಮರೆಯಾಗಿಲ್ಲ. ಹಾಗೆಯೇ, ಕಳುಹಿಸಿದ ಮತ ಎಣಿಕೆಗೆ ಸೇರಿತೋ ಇಲ್ಲವೋ ಎಂಬ ವೀಕ್ಷಕರ ಸಂಶಯವೂ ಉಳಿದುಕೊಂಡಿದೆ.

ಈ ಸಂಶಯದ ಮೂಲ ಒಂದು ತಪ್ಪು ತಿಳಿವಳಿಕೆಯಲ್ಲಿದೆ. ಫೋನಿನ ಪರದೆಯ ಮೇಲೆ ‘ಸೆಂಟ್’ ಎಂದು ಮೂಡಿದರೆ ಸಂದೇಶವು ಮೊಬೈಲ್ ಕಂಪನಿಯ ಕೇಂದ್ರವನ್ನು ತಲುಪಿದೆ ಎಂದಷ್ಟೇ ಅರ್ಥ. ಮತ ದಾಖಲಾಗಿದೆ ಎಂದಲ್ಲ. ಸಂದೇಶವು ಮೊದಲು ಸಂದೇಶ ಕೇಂದ್ರಕ್ಕೆ, ಅಂದರೆ ಎಲ್ಲ ಎಸ್‌ಎಂಎಸ್‌ಗಳನ್ನೂ ಕ್ಷಣಕಾಲ ಕೂಡಿಟ್ಟುಕೊಂಡು ಮುಂದಕ್ಕೆ ಕಳುಹಿಸುವ ಕಂಪ್ಯೂಟರ್ ವ್ಯವಸ್ಥೆಗೆ ಹೋಗುತ್ತದೆ. ಅಲ್ಲಿಂದ ಸ್ಪರ್ಧೆಯವರು ಗೊತ್ತುಮಾಡಿದ ಸೇವಾ ಸಂಸ್ಥೆಗೆ ಸಾಗುತ್ತದೆ. ಆ ಸಂಸ್ಥೆಯ ತಂತ್ರಾಂಶವು ಪದಗಳನ್ನು ಓದಿ, ಸಮಯವನ್ನು ನೋಡಿ, ನಿಯಮಕ್ಕೆ ಹೊಂದಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಮತ ಸಲ್ಲಲಿಲ್ಲವೆಂದಾಗ ಅದು ಈ ದಾರಿಯ ಯಾವ ಕಟ್ಟೆಯಲ್ಲಿ ನಿಂತಿತೆಂದು ಕ್ರಮವಾಗಿ ಹುಡುಕುವುದೇ ಪರಿಹಾರದ ಮೊದಲ ಹೆಜ್ಜೆ.

ಬರೆಯುವಾಗಲೇ ಆಗುವ ತಪ್ಪು

ಮತದ ಸಂದೇಶದಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ: ಕಾರ್ಯಕ್ರಮವನ್ನು ಗುರುತಿಸುವ ಸಂಕೇತಪದ ಮತ್ತು ಸ್ಪರ್ಧಿಯ ಹೆಸರು ಅಥವಾ ಕ್ರಮಸಂಖ್ಯೆ. ಇವೆರಡರ ನಡುವೆ ಬಿಡಬೇಕಾದ ಜಾಗವನ್ನು ಬಿಡದಿದ್ದರೆ, ಅಥವಾ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಅಕ್ಷರವನ್ನು ಒತ್ತಿದರೆ, ಯಂತ್ರಕ್ಕೆ ಅದು ಗೊತ್ತಿಲ್ಲದ ಪದವಾಗಿಬಿಡುತ್ತದೆ. ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಈ ತೊಡಕು ಇನ್ನೂ ಹೆಚ್ಚು. ‘ಪೂಜಾ’ ಎಂಬುದಕ್ಕೆ ಎರಡು ‘ಓ’ ಹಾಕಬೇಕೋ ಒಂದು ‘ಯು’ ಸಾಕೋ, ‘ಚೈತ್ರಾ’ದಲ್ಲಿ ‘ಟಿ’ಯ ಜೊತೆಗೆ ‘ಎಚ್’ ಬೇಕೋ ಬೇಡವೋ ಎಂಬುದನ್ನು ಬರೆಯುವವರ ರೂಢಿ ತೀರ್ಮಾನಿಸುತ್ತದೆಯೇ ಹೊರತು ಯಂತ್ರವಲ್ಲ. ಆದ್ದರಿಂದ ಪರದೆಯ ಮೇಲೆ ತೋರಿಸಿದ ಕಾಗುಣಿತವನ್ನೇ ಅಕ್ಷರಶಃ ಅನುಸರಿಸಬೇಕು. ಹೆಸರು, ಸಂಖ್ಯೆ ಎರಡನ್ನೂ ಒಪ್ಪುವ ಸ್ಪರ್ಧೆಯಲ್ಲಿ ಸಂಖ್ಯೆಯನ್ನೇ ಬರೆಯುವುದು ಕ್ಷೇಮ. ಫೋನಿನ ಕೀಲಿಮಣೆ ತಾನಾಗಿಯೇ ಪದ ತಿದ್ದುವ ಸೌಲಭ್ಯವನ್ನೂ, ಸಂದೇಶದ ಕೊನೆಗೆ ಸಹಿ ಸೇರಿಸುವ ಏರ್ಪಾಡನ್ನೂ ಆ ಹೊತ್ತಿಗೆ ನಿಲ್ಲಿಸಿಡುವುದು ಒಳ್ಳೆಯದು.

ಸಂಕೇತಪದವನ್ನು ಕನ್ನಡ ಲಿಪಿಯಲ್ಲಿ ಬರೆದರೂ ತೊಂದರೆಯಾಗಬಹುದು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದ ಒಂದೇ ಅಕ್ಷರ ಸೇರಿದರೂ ಇಡೀ ಸಂದೇಶ ಯೂನಿಕೋಡ್ ಎಂಬ ಬೇರೆ ಸಂಕೇತ ವ್ಯವಸ್ಥೆಗೆ ಬದಲಾಗಿ ಮಿತಿ 70ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಪದಕ್ಕಾಗಿ ಮಾತ್ರ ಸಿದ್ಧಪಡಿಸಿದ ತಂತ್ರಾಂಶವು ಅಂಥ ಸಂದೇಶವನ್ನು ಗುರುತಿಸುವುದಿಲ್ಲ.

ಸಂಖ್ಯೆ, ಸಿಮ್ ಮತ್ತು ಹಣ

ಮತ ಕಳುಹಿಸುವ ನಾಲ್ಕೈದು ಅಂಕಿಗಳ ಸಂಖ್ಯೆಗೆ ಶಾರ್ಟ್‌ಕೋಡ್ ಅಥವಾ ಕಿರುಸಂಖ್ಯೆ ಎನ್ನುತ್ತಾರೆ. ಗುಂಡಿ ಒತ್ತುವ ಹಳೆಯ ಫೋನುಗಳಲ್ಲಿ ಸ್ಟಾರ್ ಎಂಬ ಇಂಗ್ಲಿಷ್ ಪದದ ನಾಲ್ಕು ಅಕ್ಷರಗಳು 7, 8, 2, 7ರ ಗುಂಡಿಗಳ ಮೇಲಿದ್ದುದರಿಂದ ಸ್ಟಾರ್ ವಾಹಿನಿಯ ಕಿರುಸಂಖ್ಯೆ 7827 ಆಗಿತ್ತು; ಮುಂದೆ 5 ಸೇರಿ ಅದು 57827 ಆಯಿತು. ಇಂಥ ಸಂಖ್ಯೆಗಳು ದೇಶದ ಮೊಬೈಲ್ ಕಂಪನಿಗಳ ಜೊತೆಗಿನ ಒಪ್ಪಂದದ ಮೇಲೆ ನಡೆಯುವಂಥವು. ಆದ್ದರಿಂದ ಮುಂದೆ ಸೊನ್ನೆಯನ್ನಾಗಲಿ +91 ಅನ್ನಾಗಲಿ ಸೇರಿಸಬಾರದು. ದುಬೈಯಲ್ಲೋ ಅಮೆರಿಕದಲ್ಲೋ ನೆಲೆಸಿರುವ ಕನ್ನಡಿಗರು ಅಲ್ಲಿನ ಸಿಮ್‌ನಿಂದ ಮತ ಕಳುಹಿಸಿದರೆ ಅದು ಇಲ್ಲಿಗೆ ತಲುಪದಿರುವುದಕ್ಕೂ ಇದೇ ಕಾರಣ.

ದರದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಪ್ಯಾಕಿನಲ್ಲಿ ದಿನಕ್ಕೆ 100 ಉಚಿತ ಸಂದೇಶಗಳಿದ್ದರೂ ಅವು ಸಾಮಾನ್ಯ ಸಂಖ್ಯೆಗಳಿಗೆ ಮೀಸಲು. ಸ್ಪರ್ಧೆಯ ಕಿರುಸಂಖ್ಯೆಗೆ ಬಹುಮಟ್ಟಿಗೆ ಪ್ರೀಮಿಯಂ ದರ, ಅಂದರೆ ಮಾಮೂಲಿಗಿಂತ ಹೆಚ್ಚಿನ ದರ ಅನ್ವಯಿಸುತ್ತದೆ. ಪ್ಯಾಕ್ ಚಾಲ್ತಿಯಲ್ಲಿದ್ದು ಮುಖ್ಯ ಖಾತೆಯಲ್ಲಿ ಬ್ಯಾಲೆನ್ಸ್ ಇಲ್ಲದಿದ್ದರೆ ಸಂದೇಶ ಹೋಗುವುದಿಲ್ಲ. ಎರಡು ಸಿಮ್‌ಗಳ ಫೋನಿನಲ್ಲಿ ಬ್ಯಾಲೆನ್ಸ್ ಇಲ್ಲದ ಸಿಮ್‌ನಿಂದ ಸಂದೇಶ ಹೊರಡುವುದೂ ಉಂಟು. ಕಳೆದುಹೋದ ಸಿಮ್‌ನ ಬದಲು ಹೊಸದನ್ನು ಪಡೆದವರಿಗೆ, ವಂಚನೆ ತಡೆಯುವ ಸಲುವಾಗಿ, 24 ಗಂಟೆಗಳ ಕಾಲ ಸಂದೇಶ ಸೌಲಭ್ಯ ಇರುವುದಿಲ್ಲವೆಂಬುದನ್ನೂ ನೆನಪಿಡಬೇಕು.

ತಡವಾಗಿ ತಲುಪುವ ಮತ

ಮತದಾನ ಮುಗಿಯಲು ಕೆಲವೇ ನಿಮಿಷಗಳಿರುವಾಗ ಅಸಂಖ್ಯ ಸಂದೇಶಗಳು ಒಮ್ಮೆಲೇ ನುಗ್ಗಿದರೆ ಸಂದೇಶ ಕೇಂದ್ರವು ಅವನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಸಾಲು ಕರಗುವಷ್ಟರಲ್ಲಿ ಗಡುವು ಮೀರಿರುತ್ತದೆ. ಎಣಿಕೆಯಲ್ಲಿ ಮುಖ್ಯವಾಗುವುದು ವೀಕ್ಷಕರು ಗುಂಡಿ ಒತ್ತಿದ ಹೊತ್ತಲ್ಲ, ಸಂದೇಶ ಯಂತ್ರಕ್ಕೆ ಮುಟ್ಟಿದ ಹೊತ್ತು. ಮರುಪ್ರಸಾರ ನೋಡಿ ಕಳುಹಿಸಿದ ಮತವೂ ಹೀಗೆಯೇ ವ್ಯರ್ಥವಾಗಿ, ಹಣ ಮಾತ್ರ ಕಡಿತವಾಗುತ್ತದೆ. ಮತದಾನ ಆರಂಭವಾದ ಕೂಡಲೇ ಕಳುಹಿಸುವುದೇ ಇದಕ್ಕೆ ಮದ್ದು. ಉತ್ತರ ಬರಲಿಲ್ಲವೆಂದು ಮತ್ತೆ ಮತ್ತೆ ಕಳುಹಿಸುವ ಮುನ್ನ ಒಂದು ಸಂಖ್ಯೆಗೆ ಎಷ್ಟು ಮತಗಳ ಅವಕಾಶವಿದೆಯೆಂದು ನೋಡಿಕೊಳ್ಳಬೇಕು. ಮಿತಿ ಮೀರಿದವು ಎಣಿಕೆಯಾಗುವುದಿಲ್ಲ, ಶುಲ್ಕವೂ ತಪ್ಪುವುದಿಲ್ಲ.

ದೂರು ಮತ್ತು ದಾಖಲೆ

ಕಳುಹಿಸಿದ ಸಂದೇಶವನ್ನು ಅಳಿಸದೆ, ಸಮಯ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಮೊಬೈಲ್ ಕಂಪನಿಯ ದೂರು ಕೇಂದ್ರದಿಂದ ದೂರಿನ ಸಂಖ್ಯೆ ಪಡೆಯಬೇಕು; ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಪ್ರೀಪೇಯ್ಡ್ ಗ್ರಾಹಕರೂ ತಮ್ಮ ಬಳಕೆಯ ವಿವರಪಟ್ಟಿಯನ್ನು ಕೇಳಿ ಪಡೆಯಬಹುದು. ಮತ ಹಾಕಿದ ಮೇಲೆ ಕೇಳದ ಸೇವೆಯೊಂದು ಅಂಟಿಕೊಂಡು ದಿನವೂ ಹಣ ಕಡಿತವಾಗುತ್ತಿದ್ದರೆ ಅದನ್ನು ನಿಲ್ಲಿಸಲು 155223 ಎಂಬ ಸಂಖ್ಯೆಯಿದೆ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ಆಯೋಗಗಳೂ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಆದರೆ ವೀಕ್ಷಕರ ಕೈಯಲ್ಲಿ ದಾಖಲೆ ಎಷ್ಟು ಕಡಿಮೆ ಎಂಬುದನ್ನು ಹಳೆಯ ಪ್ರಕರಣವೊಂದು ತೋರಿಸುತ್ತದೆ. 2007ರಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ಯ ಜೊತೆಗೆ ವೀಕ್ಷಕರಿಗಾಗಿ ನಡೆದ ಎಸ್‌ಎಂಎಸ್ ಸ್ಪರ್ಧೆಯ ಬಗ್ಗೆ ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಒಂದು ಕೋಟಿ ರೂಪಾಯಿ ದಂಡ ವಿಧಿಸಿತ್ತು; ಆದರೆ ಬಹುಮಾನದ ಹಣವನ್ನು ಸಂದೇಶಗಳ ಆದಾಯದಿಂದಲೇ ಕೊಡಲಾಯಿತೆಂಬುದಕ್ಕೆ ಪುರಾವೆಯಿಲ್ಲವೆಂದು ಸುಪ್ರೀಂ ಕೋರ್ಟ್ ಮುಂದೆ ಆ ಆದೇಶವನ್ನು ರದ್ದುಪಡಿಸಿತು. ಲೆಕ್ಕವೆಲ್ಲ ಸಂಘಟಕರ ಬಳಿಯೇ ಇರುವಾಗ ಹೊರಗಿನವರು ಪುರಾವೆ ಒದಗಿಸುವುದು ಸುಲಭವಲ್ಲ. ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ದುಬಾರಿ ದರದ ಫೋನ್ ಸ್ಪರ್ಧೆ ಮತ್ತು ಮತದಾನಗಳಲ್ಲಿನ ಅಕ್ರಮಕ್ಕಾಗಿ 2008ರಲ್ಲಿ ಐಟಿವಿ ವಾಹಿನಿಗೆ 56.75 ಲಕ್ಷ ಪೌಂಡ್ ದಂಡ ಹಾಕಿತು. ಅಲ್ಲಿ ಪ್ರಶ್ನೆ ಕೇಳುವ ಹೊಣೆಯನ್ನು ಒಂದು ಸಂಸ್ಥೆಯೇ ಹೊತ್ತಿತ್ತು.

ಹತ್ತು ರೂಪಾಯಿಯ ಬಸ್ ಟಿಕೆಟ್‌ಗೂ ಚೀಟಿ ಸಿಗುವ ನಾಡಿನಲ್ಲಿ ಹಣ ತೆತ್ತು ಹಾಕಿದ ಮತಕ್ಕೂ ಒಂದು ರಸೀತಿ ಸಿಗಬೇಕು. ಯಾವ ಸ್ಪರ್ಧಿಗೆ, ಎಷ್ಟು ಹೊತ್ತಿಗೆ ಮತ ದಾಖಲಾಯಿತು, ಅಥವಾ ಯಾವ ಕಾರಣಕ್ಕೆ ತಿರಸ್ಕೃತವಾಯಿತು ಎಂಬುದನ್ನು ಉಚಿತ ಸಂದೇಶದಲ್ಲಿ ತಿಳಿಸುವುದು ಸಂಘಟಕರ ಕರ್ತವ್ಯವಾಗಬೇಕು. ಅಂಥ ಉತ್ತರ ಕೊಡದ ಸ್ಪರ್ಧೆಗೆ ಎರಡನೆಯ ಮತ ಕಳುಹಿಸುವ ಮುನ್ನ, ಮೊದಲನೆಯದು ಏನಾಯಿತೆಂದು ವೀಕ್ಷಕರು ತಪ್ಪದೆ ಕೇಳಲಿ.